ಆಳದ ಕೊಳವೆಬಾವಿಗೆ ವಿದ್ಯುತ್ ಫಿಲ್ಟರ್ ಇಲ್ಲದೆ ಡ್ರೈವ್ ಹಾಕಿಸಬೇಡಿ

ಕೊಳವೆಬಾವಿಯ ಮೋಟಾರಿಗೆ ವಿಎಫ್‌ಡಿ, ಅಂದರೆ ವೇಗವನ್ನು ಏರಿಳಿಸುವ ಡ್ರೈವ್, ಹಾಕಿಸಬೇಕೆಂದಿರುವವರು ಅಡ್ವಾನ್ಸ್ ಕೊಡುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಚಿಕ್ಕಬಳ್ಳಾಪುರದ ಕಡೆ ಇರುವ ನಮ್ಮ ತೋಟದಲ್ಲಿ 820 ಅಡಿಗೆ ಇಳಿಸಿದ್ದ 10 ಎಚ್‌ಪಿ ಮೋಟಾರು ಹಳೆಯ ಸ್ಟಾರ್ಟರಿನಲ್ಲಿ ಆರು ವರ್ಷ ತೊಂದರೆಯಿಲ್ಲದೆ ಓಡಿತ್ತು. ನೀರಿನ ಇಳುವರಿ ತಗ್ಗಿದಾಗ ನಿಧಾನವಾಗಿ ಎತ್ತಬಹುದೆಂದು ಡ್ರೈವ್ ಹಾಕಿಸಿದೆವು. ಒಂದೇ ವರ್ಷದಲ್ಲಿ ಮೋಟಾರು ಎರಡು ಸಲ ಸುಟ್ಟಿತು.

ಮೊದಲ ಸಲ ಎಲ್ಲರೂ ಲೈನಿನ ವೋಲ್ಟೇಜನ್ನೇ ದೂರಿದರು. ಗಾಡಿ ಕರೆಸಿ 41 ಪೈಪು ಬಿಚ್ಚಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸಿದೆವು. ಎರಡನೆಯ ಸಲ ರಿವೈಂಡಿಂಗ್ ಮಾಡುವವರು ನನ್ನನ್ನು ಕರೆದು ಬಿಚ್ಚಿದ ಮೋಟಾರನ್ನು ತೋರಿಸಿದರು. ನೀರಿಲ್ಲದೆ ಓಡಿದ್ದರೆ ಅಥವಾ ಲೋಡ್ ಹೆಚ್ಚಾಗಿದ್ದರೆ ವೈಂಡಿಂಗ್ ಪೂರ್ತಿ ಕಪ್ಪಾಗಿರಬೇಕಿತ್ತು. ಇಲ್ಲಿ ಎರಡು ಫೇಸಿನ ತಂತಿ ಹೊಸದರಂತೆಯೇ ಇತ್ತು. ಮೂರನೆಯದರಲ್ಲಿ ಕೇಬಲ್ ಸೇರುವ ಕಡೆಯ ಮೊದಲ ಕೆಲವು ಸುತ್ತುಗಳ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಾತ್ರ ಸೂಜಿ ಚುಚ್ಚಿದಂಥ ಕಪ್ಪು ತೂತುಗಳಿದ್ದವು.

ಕಾರಣ ಹೀಗಿದೆ. ಡ್ರೈವ್ 415 ವೋಲ್ಟ್‌ನ ಎ.ಸಿ.ಯನ್ನು ಸುಮಾರು 585 ವೋಲ್ಟ್‌ನ ಡಿ.ಸಿ.ಯಾಗಿಸಿ, ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ತುಂಡು ತುಂಡಾಗಿ ಮೋಟಾರಿಗೆ ಕಳಿಸುತ್ತದೆ. ಒಂದೊಂದು ತುಂಡೂ ಮೈಕ್ರೋಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಸೊನ್ನೆಯಿಂದ ಪೂರ್ಣ ವೋಲ್ಟೇಜಿಗೆ ಏರುವುದರಿಂದ, ಉದ್ದ ಕೇಬಲಿನ ತುದಿಯಲ್ಲಿ ಅದು ಮೋಟಾರಿಗೆ ಬಡಿದು ಹಿಂದಿರುಗುವಾಗ ಬರುವ ಅಲೆಯೂ ಹೋಗುವ ಅಲೆಯೂ ಕೂಡಿ, ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಲವು ಹತ್ತು ಮೀಟರ್ ಕೇಬಲಿದ್ದರೂ ಇದು ನಡೆಯುತ್ತದೆ. ನಮ್ಮದು 250 ಮೀಟರಿಗೂ ಹೆಚ್ಚು. ವೋಲ್ಟ್ ಮೀಟರಿನಲ್ಲಿ ಇದು ಕಾಣುವುದಿಲ್ಲ, ಹಾಗಾಗಿ ಪ್ಯಾನಲ್ ನೋಡಿದವರೆಲ್ಲ ವೋಲ್ಟೇಜ್ ಸರಿಯಿದೆ ಎಂದೇ ಹೇಳಿ ಹೋದರು.

ಸೂಚನೆಗಳು ಮೊದಲ ದಿನದಿಂದಲೇ ಇದ್ದವು. ಡ್ರೈವ್ ಆನ್ ಮಾಡಿದೊಡನೆ ಶೆಡ್ಡಿನ ರೇಡಿಯೋದಲ್ಲಿ ಮಧ್ಯಮ ತರಂಗದ ಆಕಾಶವಾಣಿ ಕೇಳಿಸದೆ ಬರೀ ಗೊರಗೊರ ಸದ್ದು ಬರುತ್ತಿತ್ತು. ಮೋಟಾರಿನ ಕೇಬಲಿಗೇ ಸೇರಿಸಿ ಕಟ್ಟಿದ್ದ ಪ್ರೆಷರ್ ಸೆನ್ಸರಿನ ತಂತಿಯಿಂದಾಗಿ ಡಿಸ್‌ಪ್ಲೇಯ ಅಂಕಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ನಾವು ಅದನ್ನು ಸಣ್ಣ ಕಿರಿಕಿರಿ ಎಂದುಕೊಂಡೆವು. ಮೋಟಾರನ್ನು ಕೊಂದ ಆ ಚೂಪಾದ ತುಂಡುಗಳೇ ಈ ಸದ್ದಿಗೂ ಕಾರಣವೆಂದು ತಿಳಿಹೇಳುವವರು ಯಾರೂ ಇರಲಿಲ್ಲ.

ಡ್ರೈವ್ ಕೊಟ್ಟವರು ಕೇಬಲ್ ಎಷ್ಟು ಉದ್ದವೆಂದು ಒಮ್ಮೆಯೂ ಕೇಳಲಿಲ್ಲ. ಇದನ್ನು ನಾನು ಇಂದಿಗೂ ಕ್ಷಮಿಸಲಾರೆ. ಇಂಥ ಆಳಕ್ಕೆ ಡ್ರೈವಿನ ಔಟ್‌ಪುಟ್‌ನಲ್ಲಿ ಸೈನ್ ಫಿಲ್ಟರ್ ಇರಲೇಬೇಕು. ಅದರೊಳಗಿನ ಚೋಕ್ ಮತ್ತು ಕೆಪಾಸಿಟರುಗಳು ತುಂಡುಗಳನ್ನು ನಯಗೊಳಿಸಿ, ಮೋಟಾರಿಗೆ ಮಾಮೂಲಿ ಲೈನಿನಂಥ ಅಲೆಯನ್ನೇ ಕೊಡುತ್ತವೆ. ಫಿಲ್ಟರಿನ ಆಂಪಿಯರ್ ಮೋಟಾರಿನ ಫುಲ್ ಲೋಡ್ ಆಂಪಿಯರಿಗಿಂತ ಕಡಿಮೆ ಇರಬಾರದು, ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಕತ್ತರಿಸುತ್ತದೆ ಎಂಬುದನ್ನು, ಫಿಲ್ಟರಿಗೆ ನಿಗದಿಪಡಿಸಿದ ಮಿತಿಗಿಂತ ಕೆಳಗಿಡಬಾರದು. ಹಳೆಯ ಪ್ಯಾನಲಿನ ಕೆಪಾಸಿಟರನ್ನು ಡ್ರೈವಿನ ಔಟ್‌ಪುಟ್‌ನಲ್ಲಿ ಎಂದಿಗೂ ಉಳಿಸಬೇಡಿ, ಡ್ರೈವೇ ಹಾಳಾಗುತ್ತದೆ. ಸೆನ್ಸರಿಗೆ ಶೀಲ್ಡ್, ಅಂದರೆ ಲೋಹದ ಹೊದಿಕೆ, ಇರುವ ತಂತಿಯನ್ನು ಬೇರೆಯೇ ಪೈಪಿನಲ್ಲಿ ಎಳೆಸಿ.

ಫಿಲ್ಟರಿನ ಹೆಸರು ಮತ್ತು ಆಂಪಿಯರ್ ಕೊಟೇಶನ್ನಿನಲ್ಲೇ ಬರೆದಿರಲಿ. ಈಗಾಗಲೇ ಫಿಲ್ಟರಿಲ್ಲದೆ ಡ್ರೈವ್ ಹಾಕಿಸಿಕೊಂಡವರು, ಅದು ಬರುವವರೆಗೆ ಹಳೆಯ ಸ್ಟಾರ್ಟರಿನಲ್ಲೇ ಮೋಟಾರನ್ನು ಓಡಿಸಿ.