ಉಪ್ಪುನೀರಿನ ಟ್ಯಾಂಕ್ ಶಿಫ್ಟಿಂಗ್: ಕೆಲಸ ಸೂಪರ್, ಟೈಮಿಂಗ್ ಮಾತ್ರ ಕೇಳಬೇಡಿ

ಮಡಿಕೇರಿಯಲ್ಲಿ ಸಮುದ್ರದ ಮೀನು ಸಾಕುವವರು ಕಡಿಮೆ, ಅದರ ಕೆಲಸ ಗೊತ್ತಿರುವವರು ಇನ್ನೂ ಕಡಿಮೆ. ನಮ್ಮ 60 ಲೀಟರ್ ಟ್ಯಾಂಕಿನಿಂದ 250 ಲೀಟರ್ ಟ್ಯಾಂಕಿಗೆ ಎಲ್ಲಾ ಸಾಗಿಸಲು ಕುಶಾಲನಗರ ಕಡೆಯ ಒಂದು ಅಕ್ವೇರಿಯಂ ಅಂಗಡಿಯವರನ್ನು ಕರೆಸಿದೆ. ಬೆಳಿಗ್ಗೆ ಬರುತ್ತೇವೆ ಅಂದವರು ಬಂದಿದ್ದು ಊಟದ ಹೊತ್ತಿಗೆ, ಫೋನ್ ಕೂಡ ಎತ್ತಲಿಲ್ಲ. ಒಂದು ಸ್ಟಾರ್ ಅಲ್ಲೇ ಕಟ್.

ಆದರೆ ಕೆಲಸ ನೋಡಿ ಕೋಪ ಇಳಿಯಿತು. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ಕಲಸಿ ಪಂಪ್ ಓಡಿಸಿಡಲು ಹೇಳಿದ್ದರು. ಬಂದವರು ಮೊದಲು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು ಹಳೆ, ಹೊಸ ಎರಡೂ ನೀರು ನೋಡಿದರು, ಸಾಪೇಕ್ಷ ಸಾಂದ್ರತೆ 1.025 ಸರಿ ಬಂದ ಮೇಲೇ ಮುಂದಿನ ಮಾತು. ಲೈವ್ ರಾಕ್ (ಜೀವಾಣು ತುಂಬಿದ ಸಮುದ್ರದ ಕಲ್ಲು) ಒಂದೊಂದನ್ನೂ ಹಳೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು, ಯಾಕೆಂದರೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಆ ಕಲ್ಲಿನಲ್ಲೇ, ಒಣಗಿದರೆ ಮುಗೀತು. ಹಳೆ ಮರಳು ಬೇಡವೇ ಬೇಡ ಅಂದರು. ಹೊಸ ಮರಳು ಮಾರೋಕೆ ಸುಮ್ನೆ ಹೇಳ್ತಿದ್ದಾರಾ ಅಂತ ಅನುಮಾನ ಬರುತ್ತೆ ಅಲ್ವಾ? ಅಡಿಯ ಕಪ್ಪು ಪದರ ಕೆದಕಿ ತೋರಿಸಿದರು, ಕೊಳೆತ ಮೊಟ್ಟೆ ವಾಸನೆ!

ಕ್ಲೌನ್‌ಫಿಶ್ ಜೋಡಿಗೆ ಸಣ್ಣ ಪೈಪಿನಿಂದ ಹನಿಹನಿಯಾಗಿ ಹೊಸ ನೀರು ಬಿಟ್ಟು ಒಗ್ಗಿಸಿದರು. ಇಲ್ಲಿನ ಚಳಿಗೆ ಹೀಟರ್ 25 ಡಿಗ್ರಿಗೆ ಇಟ್ಟರು. ಮಳೆಗಾಲದಲ್ಲಿ ಕರೆಂಟಿನ ಗತಿ ಗೊತ್ತೇ ಇದೆ, ಬ್ಯಾಟರಿ ಏರ್‌ಪಂಪ್ ಒಂದು ಇಟ್ಟುಕೊಳ್ಳಿ ಅಂತಲೂ ಹೇಳಿದರು.

ರೇಟ್ ಸ್ವಲ್ಪ ಜಾಸ್ತಿ, ಪೆಟ್ರೋಲ್ ಚಾರ್ಜ್ ಬೇರೆ. ಸ್ಟ್ಯಾಂಡ್ ಲೆವೆಲ್ ಮಾಡುವುದನ್ನು ಅವರು ಮುಟ್ಟುವುದಿಲ್ಲ, ಮೊದಲೇ ಮಾಡಿಸಿಡಿ.