‘ಎಕ್ಸಾಟಿಕಾ’: ಕೊಳ್ಳುವುದಾದರೆ ಮೋನೊ ಪ್ರತಿಯನ್ನೇ ಕೊಳ್ಳಿ

ಅಮೆರಿಕದ ಪಿಯಾನೊ ವಾದಕ ಮಾರ್ಟಿನ್ ಡೆನ್ನಿಯವರ ‘ಎಕ್ಸಾಟಿಕಾ’ ಎಂದರೆ ಒಂದು ಎಲ್‌ಪಿ (ಗ್ರಾಮಫೋನ್ ತಟ್ಟೆ) ಅಲ್ಲ, ಎರಡು. ಲಿಬರ್ಟಿ ಕಂಪನಿಯ ಎಲ್‌ಆರ್‌ಪಿ 3034 ಸಂಖ್ಯೆಯದು ಮೋನೊ, ಎಂದರೆ ಎಲ್ಲ ಧ್ವನಿಯೂ ಒಂದೇ ಚಾನೆಲ್‌ನಲ್ಲಿ. 1956ರ ಡಿಸೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಧ್ವನಿಮುದ್ರಣವಾಗಿ ಮರುವರ್ಷ ಹೊರಬಂತು. ಎಲ್‌ಎಸ್‌ಟಿ 7034 ಸ್ಟೀರಿಯೊ, ಎಂದರೆ ಎಡಬಲ ಎರಡು ಚಾನೆಲ್. ಅದು ಅದೇ ಟೇಪಿನ ಇನ್ನೊಂದು ರೂಪವಲ್ಲ. 1958ರಲ್ಲಿ ಹಾಲಿವುಡ್‌ನಲ್ಲಿ ಅದೇ ಹನ್ನೆರಡು ರಚನೆಗಳನ್ನು ಮೊದಲಿಂದ ನುಡಿಸಿದ್ದು. ಅಷ್ಟರಲ್ಲಿ ವೈಬ್ರಫೋನ್ (ಲೋಹಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ನುಡಿಸುತ್ತಿದ್ದ ಆರ್ಥರ್ ಲೈಮನ್ ತಂಡ ಬಿಟ್ಟಿದ್ದರು, ಆ ಜಾಗಕ್ಕೆ ಜೂಲಿಯಸ್ ವೆಕ್ಟರ್ ಬಂದಿದ್ದರು.

ಮೊದಲ ರಚನೆ ‘ಕ್ವಯಟ್ ವಿಲೇಜ್’ ಲೆಸ್ ಬ್ಯಾಕ್ಸ್‌ಟರ್ ಅವರದ್ದು, 1951ರಲ್ಲಿ ದೊಡ್ಡ ಆರ್ಕೆಸ್ಟ್ರಾಗೆಂದು ಬರೆದದ್ದು. ಇಲ್ಲಿ ನಾಲ್ಕೇ ಜನ. ಪಿಯಾನೊದ ಎಡಗೈ ಒಂದೇ ಮಂದ್ರದ ಎಳೆಯನ್ನು ಬಿಡದೆ ಹಿಡಿದಿರುತ್ತದೆ; ಅದರ ಮೇಲೆ ವೈಬ್ರಫೋನಿನ ನಾದ ತೇಲುತ್ತದೆ, ಆಗೀ ಕೊಲೋನ್ ಅವರ ಬೊಂಗೊ, ಕಾಂಗಾ ಡೋಲುಗಳು ಕೂಡಿಕೊಳ್ಳುತ್ತವೆ. ಹಕ್ಕಿಗಳ ಕೂಗೂ ಅವರ ಬಾಯಿಂದಲೇ ಬಂದದ್ದು. ಡೆನ್ನಿ 1930ರ ದಶಕದಲ್ಲಿ ದಕ್ಷಿಣ ಅಮೆರಿಕದಲ್ಲಿ ವರ್ಷಗಟ್ಟಲೆ ನುಡಿಸಿದವರು. ಲ್ಯಾಟಿನ್ ಲಯ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ ಎನ್ನುವುದು ಕೇಳಿದರೇ ತಿಳಿಯುತ್ತದೆ. ಮೋನೊದಲ್ಲಿ ಇದೆಲ್ಲ ಒಂದೇ ಕಡೆಯಿಂದ ಬಂದು ಒಂದರಲ್ಲೊಂದು ಕರಗುತ್ತದೆ. ಸ್ಟೀರಿಯೊದಲ್ಲಿ ವಾದ್ಯಗಳು ಎಡಬಲಕ್ಕೆ ಹಂಚಿಹೋಗಿ ಸ್ಪೀಕರ್ ಪರೀಕ್ಷೆಯಂತೆ ಕೇಳುತ್ತದೆ. ಡೆನ್ನಿ ಅವರಿಗೂ ಮೋನೊವೇ ಇಷ್ಟವಿತ್ತು.

‘ಹಾಂಗ್ ಕಾಂಗ್ ಬ್ಲೂಸ್’, ‘ಚೈನಾ ನೈಟ್ಸ್’ ಸಪ್ಪೆ. ಚೀನಾ, ಜಪಾನ್, ಪಾಲಿನೇಷ್ಯ ಎಲ್ಲಕ್ಕೂ ಒಂದೇ ಒಗ್ಗರಣೆ!

1959ರಲ್ಲಿ ಈ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಂಗಳ ಪಟ್ಟಿಯ ತುದಿಗೇರಿತ್ತು. ಹಾಗಾಗಿ ಪ್ರತಿಗಳು ಸಿಗುತ್ತವೆ, ಆದರೆ ಹಲವು ಆ ಕಾಲದ ಪ್ಲೇಯರ್‌ಗಳ ಭಾರದ ಮುಳ್ಳಿಗೆ ಸಿಕ್ಕಿ ಸವೆದಿರುತ್ತವೆ. ಹೊಳಪು ನೋಡಿ ಮೋಸಹೋಗಬೇಡಿ. ಕೊಳ್ಳುವ ಮುನ್ನ ಪ್ರತಿ ಬದಿಯ ಕೊನೆಯ ರಚನೆ ಕೇಳಿ: ‘ಸಿಮಿಲಾವ್’, ‘ಲವ್ ಡಾನ್ಸ್’. ಒಳಸುತ್ತಿನಲ್ಲಿ ಸವಕಳಿ ಬೇಗ ಬಯಲಾಗುತ್ತದೆ. ವೈಬ್ರಫೋನಿನ ಉದ್ದನೆಯ ಸ್ವರ ಜಿರ್ರೆಂದರೆ ಗ್ರೂವ್ (ಮುಳ್ಳು ಓಡುವ ಗೀರು) ಸವೆದಿದೆ ಎಂದರ್ಥ, ಎಷ್ಟು ತೊಳೆದರೂ ಹೋಗದು. ಬರೀ ಚಟಪಟ ಸದ್ದಾದರೆ ಧೂಳಿರಬಹುದು, ತೊಳೆದು ನೋಡಬಹುದು.

ಸ್ಟೀರಿಯೊ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇದ್ದವರು ಮೋನೊ ಪ್ರತಿ ಕೇಳುವಾಗ ಆಂಪ್ಲಿಫೈಯರ್‌ನ ಮೋನೊ ಗುಂಡಿ ಒತ್ತಿ. ಮೋನೊ ಗ್ರೂವಿನಲ್ಲಿ ಸಂಗೀತವಿರುವುದು ಅಡ್ಡ ಚಲನೆಯಲ್ಲಿ ಮಾತ್ರ. ಎರಡು ಚಾನೆಲ್ ಸೇರಿದಾಗ ಮೇಲೆಕೆಳಗಿನ ಚಲನೆಯಿಂದ ಹುಟ್ಟುವ ಗದ್ದಲ ಬಹುಪಾಲು ಅಳಿದುಹೋಗುತ್ತದೆ. ತದ್ವಿರುದ್ಧವಾಗಿ, ಸ್ಟೀರಿಯೊ ಪ್ರತಿ 7034 ಅನ್ನು ಹಳೆಯ ಮೋನೊ ಕಾರ್ಟ್ರಿಜ್‌ಗೆ ಕೊಡಲೇಬೇಡಿ. ಅದರ ಮುಳ್ಳು ಮೇಲೆಕೆಳಗೆ ಬಾಗದು, ಗ್ರೂವನ್ನೇ ಕೆತ್ತಿಹಾಕುತ್ತದೆ.