ಕಾಲು ಉಳುಕಿದೆ ಅಂತ ಫಿಸಿಯೋಥೆರಪಿ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಹೀಗೆ ದುಡ್ಡು ಕಳೆದುಕೊಳ್ಳಬಾರದು. ಮೈಸೂರಿನ ಒಂದು ಫಿಸಿಯೋಥೆರಪಿ ಸೆಂಟರ್‌ನಲ್ಲಿ 9,500 ರೂಪಾಯಿ ಒಂದೇ ಸಲ ಕಟ್ಟಿ ಮೋಸ ಹೋದೆ.

ಆಷಾಢ ಕಳೆದ ಮೇಲೆ ಒಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುತ್ತಿದ್ದೆ. ನಂದಿ ದಾಟಿ ಸ್ವಲ್ಪ ಕೆಳಗೆ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಸಂಜೆಯೊಳಗೆ ಹರಡಿನ ಹೊರಗಡೆಯ ಗಂಟು ಮೂಸಂಬಿ ಗಾತ್ರ ಊದಿತು. ಮೂಳೆ ಡಾಕ್ಟರು ಗಂಟಿನ ಹಿಂದೆ ಒತ್ತಿ ನೋಡಿದರು, ನಾಲ್ಕು ಹೆಜ್ಜೆ ನಡೆಯಿರಿ ಅಂದರು. ಎರಡಕ್ಕಿಂತ ಜಾಸ್ತಿ ಆಗಲಿಲ್ಲ. ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಆಪರೇಷನ್ ಬೇಡ, ಫಿಸಿಯೋ ಮಾಡಿಸಿ ಅಂತ ಚೀಟಿ ಕೊಟ್ಟರು. ಅಲ್ಲಿವರೆಗೆ ಎಲ್ಲ ಸರಿ ಇತ್ತು.

ಮನೆಗೆ ಹತ್ತಿರ ಅಂತ ಆ ಸೆಂಟರ್‌ಗೆ ಹೋದೆ. ಅಲ್ಲಿದ್ದವರು ನನ್ನ ಕಾಲನ್ನು ಮುಟ್ಟಿ ಕೂಡ ನೋಡಲಿಲ್ಲ. ಎಕ್ಸ್‌ರೇ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಕಡೆ ತೋರಿಸಿ, "ನೋಡಿ ಮೇಡಂ, ಇಲ್ಲಿ ಲಿಗಮೆಂಟ್ ಅರ್ಧ ಹರಿದಿದೆ. ಈಗ ಬಿಟ್ರೆ ಆರು ತಿಂಗಳಲ್ಲಿ ಆಪರೇಷನ್ನೇ ಗತಿ" ಅಂದರು. ಲಿಗಮೆಂಟ್ ಅಂದರೆ ಮೂಳೆಗಳನ್ನು ಒಂದಕ್ಕೊಂದು ಹಿಡಿದು ಕಟ್ಟುವ ನಾರು. ನನ್ನ ಕೈಕಾಲು ತಣ್ಣಗಾಯಿತು. 20 ಸಿಟ್ಟಿಂಗ್, ಒಂದಕ್ಕೆ 600. ಇವತ್ತೇ ಪೂರ್ತಿ ಕಟ್ಟಿದರೆ 9,500. ಅಲ್ಲೇ ಫೋನ್ ತೆಗೆದು ಕಟ್ಟಿದೆ. ನಮ್ಮನೆಯವರನ್ನು ಒಂದು ಮಾತು ಕೇಳಲಿಲ್ಲ.

ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಿಸುವುದೇ ಇಲ್ಲ! ಅದರಲ್ಲಿ ಕಾಣುವುದು ಮೂಳೆ. ಇದು ನನಗೆ ಆಮೇಲೆ ಗೊತ್ತಾಯಿತು. ಹಾಗಾದರೆ ಅವತ್ತು ಪೆನ್ನಿನ ತುದಿಯಲ್ಲಿ ತೋರಿಸಿದ್ದು ಏನು?

ಹನ್ನೊಂದು ಸಿಟ್ಟಿಂಗ್ ಹೋದೆ. ಪ್ರತಿ ದಿನ ಅದೇ. ಒಬ್ಬ ಹುಡುಗ ಬಂದು ಕಾಲಿಗೆ ನಾಲ್ಕು ಪ್ಯಾಡ್ ಅಂಟಿಸಿ ಕರೆಂಟ್ ಮೆಷಿನ್ ಆನ್ ಮಾಡುತ್ತಿದ್ದ. ಜುಂ ಜುಂ ಅನ್ನೋದು. ಇಪ್ಪತ್ತು ನಿಮಿಷ ಆದ ಮೇಲೆ ತಣ್ಣನೆಯ ಜೆಲ್ ಹಚ್ಚಿ ಇನ್ನೊಂದು ಮೆಷಿನ್ ಸವರುತ್ತಿದ್ದ. ಮುಗೀತು, ಮನೆಗೆ. "ವ್ಯಾಯಾಮ ಏನಾದ್ರೂ ಮಾಡ್ಬೇಕಾ?" ಅಂತ ಎರಡು ಸಲ ಕೇಳಿದೆ. "ಅದೆಲ್ಲ ಕೊನೇಲಿ ಮೇಡಂ, ಈಗ ರೆಸ್ಟ್" ಅಂದ. ನಾನೂ ಸುಮ್ಮನಾದೆ. ನೋವೇನೋ ಕಡಿಮೆ ಆಗಿತ್ತು. ಆದರೆ ಬಸ್ ಇಳಿಯುವಾಗ ಮತ್ತೆ ಅದೇ ಕಾಲು ಮಡಚಿತು.

ಆಗ ತಮ್ಮ ಬೈದು ಒಂದು ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ವಯಸ್ಸಾದ ಮೇಡಂ. ಗಂಟಿನ ಸುತ್ತ ಬೆರಳಲ್ಲಿ ಒತ್ತಿ ನೋಡಿ, "ಬಲಗಾಲಲ್ಲಿ ಒಂಟಿಯಾಗಿ ನಿಲ್ಲಮ್ಮ" ಅಂದರು. ಮೂರು ಸೆಕೆಂಡ್ ಆಗಲಿಲ್ಲ, ಗೋಡೆ ಹಿಡಿದುಕೊಂಡೆ. "ಇಷ್ಟು ದಿನ ಹೋಗಿದೀಯ, ಯಾರೂ ನಿಲ್ಲಿಸಿ ನೋಡಿಲ್ವಾ?" ಅಂತ ಕೇಳಿದರು. ನನಗೆ ಅಳುವೇ ಬಂತು. ಕಾಲು ಒಳಕ್ಕೆ ಮಡಚಿದಾಗ ಪೆಟ್ಟಾಗುವುದು ಹೊರಬದಿಯ ಲಿಗಮೆಂಟಿಗೆ, ಅದು ಬಹಳ ಜನರಿಗೆ ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತದೆ, ಆದರೆ ಸ್ನಾಯುವಿಗೆ ಬಲ, ಕಾಲಿಗೆ ಹಿಡಿತ ಬರಬೇಕಾದರೆ ನೀನೇ ಮಾಡಬೇಕು, ಮೆಷಿನ್ ಮಾಡಲ್ಲ ಅಂದರು. ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು. ಇಷ್ಟೇ. ಆರು ವಾರ ಮಾಡಿದೆ. ಈಗ ಮೆಟ್ಟಿಲು ಇಳಿಯುತ್ತೇನೆ.

ಉಳಿದ ಒಂಬತ್ತು ಸಿಟ್ಟಿಂಗ್ ದುಡ್ಡು ವಾಪಸ್ ಕೇಳಿದೆ. ಮೊದಲ ಉತ್ತರ: "ಪ್ಯಾಕೇಜ್ ನಾನ್ ರಿಫಂಡಬಲ್ ಮೇಡಂ." ಎಕ್ಸ್‌ರೇ ವಿಷಯ ಎತ್ತಿದೆ. "ಅದು ನಿಮಗೆ ಅರ್ಥ ಆಗ್ಲಿ ಅಂತ ತೋರಿಸಿದ್ದು." ಅರ್ಥ ಆಗಲಿ ಅಂತ ಇಲ್ಲದ್ದನ್ನು ತೋರಿಸುತ್ತಾರಾ? ಕೊನೆಗೆ ಒಂದು ಮೆಸೇಜ್: "ನಿಮ್ಮನೇಲಿ ಯಾರಿಗಾದ್ರೂ ಮಂಡಿ ನೋವಿದ್ರೆ ಉಳಿದ ಸಿಟ್ಟಿಂಗ್ ಅವರು ಯೂಸ್ ಮಾಡ್ಬಹುದು." ಅದನ್ನು ಓದಿ ಮೈ ಉರಿದುಹೋಯಿತು. ಉಳುಕಿದ ಹರಡಿಗೂ ನಮ್ಮತ್ತೆಯ ಮಂಡಿಗೂ ಅದೇ ಪ್ಯಾಡ್, ಅದೇ ಜೆಲ್ ಅಂತ ಅವರೇ ಬರೆದುಕೊಟ್ಟ ಹಾಗಾಯಿತು ಅಲ್ವಾ?

ದಯವಿಟ್ಟು ಮೊದಲ ದಿನವೇ ಪೂರ್ತಿ ದುಡ್ಡು ಕಟ್ಟಬೇಡಿ. ಒಂದೊಂದು ಸಲಕ್ಕೆ ಕೊಡಿ. ಕಾಲು ಮುಟ್ಟಿ ನೋಡದವರು, ಮನೆಯಲ್ಲಿ ಮಾಡೋಕೆ ಒಂದು ವ್ಯಾಯಾಮವನ್ನೂ ಹೇಳಿಕೊಡದವರು, ಆಪರೇಷನ್ ಹೆಸರಲ್ಲಿ ಹೆದರಿಸುವವರು ಸಿಕ್ಕರೆ ಎದ್ದು ಬನ್ನಿ. ಕೆಲಸ ಮಾಡುವವರು ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಓದಿದ್ದಾರಾ ಕೇಳಿ. ನನಗೆ ಪ್ಯಾಡ್ ಅಂಟಿಸುತ್ತಿದ್ದ ಹುಡುಗನ ಓದು ಏನು ಅಂತ ನಾನು ಒಮ್ಮೆಯೂ ಕೇಳಲಿಲ್ಲ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಫಿಸಿಯೋಥೆರಪಿ ಸೆಂಟರ್‌ಗಳೂ ಬರುತ್ತವೆ, ನೋಂದಣಿ ಆಗಿರಬೇಕು, ದರದ ಪಟ್ಟಿ ಹಾಕಿರಬೇಕು. ನಾನು ಹೋದ ಕಡೆ ಗೋಡೆ ಮೇಲೆ ಇದ್ದದ್ದು ಆಫರ್ ಪೋಸ್ಟರ್ ಮಾತ್ರ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಪಾವತಿ ರಸೀದಿ, ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ನನಗೆ ಜಾಸ್ತಿ ನೋವಾಗಿರುವುದು ಬೇರೆ ವಿಷಯಕ್ಕೆ. ಮೊದಲ ವಾರ ನೋವು ಕಡಿಮೆ ಆಯಿತು ಅಂತ ನಾನೇ ನಮ್ಮ ಆಫೀಸಿನ ಒಬ್ಬರನ್ನು ಅಲ್ಲಿಗೆ ಕಳಿಸಿದ್ದೆ. ಅವರೂ 9,500 ಕಟ್ಟಿದ್ದಾರೆ. ನಿನ್ನೆ ಊಟದ ಹೊತ್ತಿನಲ್ಲಿ ಅವರ ಹತ್ತಿರ ಕೂತು ಎಲ್ಲ ಹೇಳಿ ಕ್ಷಮೆ ಕೇಳಿದೆ. ನಾಳೆ ಇಬ್ಬರೂ ಸೇರಿ ಆ ಸೆಂಟರ್‌ಗೆ ಹೋಗುತ್ತಿದ್ದೇವೆ.